ಲೋಟದ ನೀರು ಅಲುಗಲಿಲ್ಲ

ಗ್ಯಾರೇಜಿಗೆ ಬರುವ ಮೊದಲೇ ಉತ್ತಮ ತನ್ನ ಜೀಪಿನಡಿ ನುಸುಳಿ, ಎಂಜಿನ್ನಿಗೆ ಆಸರೆಯಾಗಿದ್ದ ಎರಡೂ ಫೌಂಡೇಶನ್ ರಬ್ಬರುಗಳ ಮೇಲೆ ಚಾಕುವಿನಿಂದ ಒಂದೊಂದು ಗೀರು ಎಳೆದಿದ್ದ. ಈ ಸಲ ಮೋಸ ಹೋಗಬಾರದು. ಹೋದ ವರ್ಷ ನಿಪ್ಪಾಣಿಯಲ್ಲಿ ಒಬ್ಬ ಮಹಾರಾಯ ಹಳೆಯ ರಬ್ಬರಿಗೇ ಕರಿ ಬಣ್ಣ ಬಳಿದು, ಹೊಸದೆಂದು ಕೂರಿಸಿ ಕಳಿಸಿದ್ದ. ಎಂಟೇ ದಿನ, ಮತ್ತೆ ಅದೇ ನಡುಕ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಸೀಟಿನ ಲೆಕ್ಕದಲ್ಲಿ ಮಂದಿ ಸಾಗಿಸುವ ವಡಾಪ್ ಗಾಡಿ ಅದು. ಮಂದಿ ತುಂಬಲೆಂದು ನಿಂತಲ್ಲೇ ಚಾಲೂ ಇಟ್ಟರೆ ಒಳಗೆ ಕೂತವರ ಹಲ್ಲು ಕಟಕಟ. ‘ಉತ್ತಮಣ್ಣಾ, ಗಾಡಿಗಿ ಚಳಿಜ್ವರ ಬಂದೈತೇನೋ?’ ಎಂದು ನಗುತ್ತಾ ಇಳಿದು ಹಿಂದಿನ ಗಾಡಿ ಹತ್ತುತ್ತಿದ್ದರು. ಹೊಟ್ಟೆ ಉರಿಯದೆ ಏನಾದೀತು!

ಈ ಲಖನ ಮೇಸ್ತ್ರಿಯೂ ಸುಲಭದ ಆಸಾಮಿಯಲ್ಲ. ಅಥಣಿ ಕಡೆಯಿಂದ ಬಂದು ಚಿಕ್ಕೋಡಿಯಲ್ಲಿ ಗ್ಯಾರೇಜು ಹಾಕಿ ಮೂರೇ ತಿಂಗಳು. ಸೊಕ್ಕು ನೋಡಿದರೆ ಮೂವತ್ತು ವರ್ಷದ್ದು. ‘ನಮಸ್ಕಾರ್ರಿ ಮೇಸ್ತ್ರಿ’ ಅಂದರೆ ತಲೆ ಕೂಡ ಎತ್ತಲಿಲ್ಲ. ಮಾತೆಲ್ಲ ಹೆಂಡತಿ ನೀಲಮಳದು.

‘ಏನಿದ್ರೂ ನನ್ನ ಮುಂದ ಹೇಳ್ರಿ ಅಣ್ಣಾರ. ಕೆಲಸದಾಗ ಅವರು ಮಾತಾಡೂದಿಲ್ಲ. ಅವರ ಕೈಮ್ಯಾಲ ನಮ್ಮ ಮನಿ ನಡದೈತ್ರಿ, ಕಾಳಜಿ ಮಾಡಬ್ಯಾಡ್ರಿ.’

ಅವಳು ಹೋಗಿ ಮಡಗಾರ್ಡನ್ನು ಎರಡು ಸಲ ತಟ್ಟಿದಳು. ಲಖನ ತಲೆ ಎತ್ತಿದ. ಇಬ್ಬರ ನಡುವೆ ಬೆರಳುಗಳಲ್ಲೇ ಏನೋ ಆಗಿಹೋಯಿತು. ದನದ ಪೇಟೆಯಲ್ಲಿ ದಲಾಲರು ಟವೆಲ್ಲಿನಡಿ ಬೆರಳು ಹಿಡಿದು ದರ ಮಾಡುವುದನ್ನು ಕಂಡವನು ಉತ್ತಮ. ಓಹೋ, ಗಿರಾಕಿಗೆ ತಿಳಿಯದಂತೆ ಗಂಡ ಹೆಂಡಿರ ಒಳವ್ಯವಹಾರ!

ಅವನು ಜಾಗ ಬಿಟ್ಟು ಅಲುಗಲಿಲ್ಲ. ಲಖನ ಜೀಪಿನಡಿ ತೂರುವಾಗಲೆಲ್ಲ ಮೊದಲು ಬಂಪರ್ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನಿರುತ್ತಿದ್ದ. ನಾಟಕ ನೋಡು ಇವನದು, ಎಂದುಕೊಂಡ ಉತ್ತಮ. ಬಿಚ್ಚಿದ ಸಾಮಾನೆಲ್ಲ ಗೋಣಿಚೀಲ ಸೇರಿತು. ಹಳೆಯ ರಬ್ಬರು ಚೀಲಕ್ಕೆ ಹೋಯಿತೋ, ಮತ್ತೆ ಎಂಜಿನ್ನಿನಡಿಗೇ ಹೋಯಿತೋ, ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತ ಬಂತು.

‘ತಂಗೀ, ಒಂದೀಟ ಚಾ ತರ್ತಿಯೇನವಾ?’

ನೀಲಮ ಗಂಡನ ಕಡೆ ನೋಡಿದಳು. ‘ತರ್ತೀನ್ರಿ. ಆದ್ರ ನಾ ಬರೂತನಕ ಕೀಲಿ ತಿರುವಬ್ಯಾಡ್ರಿ. ನನ್ನ ಆಣಿ ಐತಿ.’

ಸಿಕ್ಕಿಬಿದ್ದಳು! ತಾನಿಲ್ಲದಾಗ ಗಾಡಿ ಚಾಲೂ ಆದರೆ ಬಣ್ಣ ಬಯಲಾಗುತ್ತದಲ್ಲ!

ಅವಳು ರಸ್ತೆ ದಾಟಿದಳು. ಲಖನ ಕೈ ತೊಳೆಯಲು ಶೆಡ್ಡಿನ ಹಿಂದಿನ ಬ್ಯಾರಲ್ಲಿನ ಕಡೆ ಹೋದ. ಉತ್ತಮ ಮಡಗಾರ್ಡ್ ಮೇಲೆ ನೀರು ತುಂಬಿದ ಲೋಟ ಇಟ್ಟು, ಹತ್ತಿ ಕೀಲಿ ತಿರುವಿದ. ಎಂಜಿನ್ ಗುಡುಗಿತು. ಇಳಿದು ಬಂದು ಬಗ್ಗಿ ನೋಡಿದ. ಲೋಟದ ನೀರು ಅಲುಗಲಿಲ್ಲ.

ಅಬ್ಬಾ! ಆದರೂ ಮನಸ್ಸು ಒಪ್ಪಲಿಲ್ಲ. ನಿಪ್ಪಾಣಿಯ ಆ ಬಣ್ಣದ ರಬ್ಬರೂ ಮೊದಲ ದಿನ ಹೀಗೇ ಇತ್ತು.

ಲಖನ ಕೈ ಒರೆಸಿಕೊಳ್ಳುತ್ತಾ ಬಂದ. ಬಂಪರ್ ಮೇಲೆ ಅಂಗೈ ಇಟ್ಟ. ಒಂದು ಗಳಿಗೆ ನಿಂತ. ಸಮಾಧಾನದಿಂದ ಜೀಪಿನಡಿ ಜಾರಿ, ಒಳಗೆ ಬಿಟ್ಟಿದ್ದ ನಟ್ಟು ಬಿಚ್ಚುವ ಪಾನಾ ತೆಗೆಯಲು ಕೈಯನ್ನು ಮೇಲಕ್ಕೆ ಚಾಚಿದ. ತೆರೆದ ಬಾನೆಟ್ಟಿನಿಂದ ಉತ್ತಮನಿಗೆ ಆ ಕೈ ಕಂಡಿತು. ಅದು ತಡಕುತ್ತಾ ತಡಕುತ್ತಾ ಫ್ಯಾನಿನ ಕಡೆ ಬರುತ್ತಿತ್ತು.

‘ಏ ಮೇಸ್ತ್ರಿ! ಚಾಲೂ ಐತಿ, ಕೈ ತಗೀ!’

ಕೈ ಇನ್ನಷ್ಟು ಮುಂದೆ ಬಂತು.

‘ಕೈ ತಗಿಯಲೇ!’

ಕೈ ಹಿಂದೆ ಸರಿಯಲಿಲ್ಲ. ಉತ್ತಮನಿಗೆ ರೇಗಿಹೋಯಿತು. ಬೆಳಿಗ್ಗೆಯಿಂದ ಇದೇ ಧಿಮಾಕು. ಕೀಲಿ ಎರಡೇ ಹೆಜ್ಜೆ ದೂರದಲ್ಲಿತ್ತು. ಮೂರನೇ ಸಲ ನಾನ್ಯಾಕ ಒದರ್ಲಿ? ಚಾಲೂ ಇದ್ದ ಗಾಡಿ ಮೇಸ್ತ್ರಿಗೆ ತಿಳಿಯೂದಿಲ್ಲೇನು? ಕೈ ಕಟ್ಟಿಕೊಂಡು ನಿಂತ.

ಟಪ್ಪೆಂದು ಒಂದು ಸಪ್ಪಳ. ಆಮೇಲೆ ಚೀರಾಟ. ಅದರಲ್ಲಿ ‘ಅವ್ವಾ’ ಇರಲಿಲ್ಲ, ‘ಅಯ್ಯೋ’ ಇರಲಿಲ್ಲ, ಮಾತೇ ಇರಲಿಲ್ಲ.

ಉತ್ತಮ ಓಡಿ ಗಾಡಿ ಬಂದ್ ಮಾಡಿದ. ಲಖನನನ್ನು ಹೊರಗೆಳೆದ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಕಟ್ಟಲು ಅರಿವೆ ಸಿಕ್ಕೀತೇ ಎಂದು ಗೋಣಿಚೀಲ ಸುರುವಿದ. ಎರಡು ಹಳೆಯ ರಬ್ಬರು ಕಾಲ ಬಳಿ ಬಿದ್ದವು. ಎರಡರ ಮೇಲೂ ಅವನೇ ಎಳೆದ ಗೀರು.

ರಸ್ತೆ ದಾಟಿ ಮರಳುತ್ತಿದ್ದ ನೀಲಮಳ ಕೈಯಿಂದ ಚಹಾದ ಕಿಟ್ಲಿ ಜಾರಿತು. ಓಡಿ ಬಂದು ಕುಕ್ಕರಿಸಿ, ಗಂಡನ ಎದೆಯನ್ನು ಎರಡು ಸಲ ತಟ್ಟಿದಳು. ಅವನು ಕಣ್ಣು ತೆರೆದು, ಅವಳಿಗೆ ಏನೋ ಹೇಳಲು ಆ ಕೈಯನ್ನೇ ಎತ್ತಿದ.

‘ಎರಡು ಸಲ ಒದರೀನಿ ತಂಗೀ, ದೇವರಾಣಿ! ಹೊಳ್ಳಿ ನೋಡ್ಲಿಲ್ಲವಾ ಅಂವ!’

ಸೆರಗು ಹರಿದು ಕೈಗೆ ಸುತ್ತುತ್ತಾ ನೀಲಮ ಅಂದಳು: ‘ಹೇಳಿದ್ರ ಗಿರಾಕಿ ಬರೂದಿಲ್ಲಂತ ಯಾರ ಮುಂದೂ ಹೇಳಿರ್ಲಿಲ್ರಿ. ಹುಟ್ಟಿದಾಗಿಂದ ಅವರಿಗೆ ಕಿವಿ ಕೇಳೂದಿಲ್ಲ. ಗಾಡಿ ನಡುಗಿದ್ರನ ಚಾಲೂ ಐತಿ ಅಂತ ತಿಳೀತಿತ್ತು.’