ತಪ್ಪಿದ ಸ್ಟಾಪ್

ಫಕ್ಕೀರಪ್ಪನವರೊಳಗೆ ಯಾರೂ ಇಲ್ಲ ಎಂದು ಮುಂದಲೆ ಯಂತ್ರ ಹೋದ ತಿಂಗಳೇ ಹೇಳಿತ್ತು. ಅರಿವು ಹುಟ್ಟುವುದು ಮುಂದಲೆಯಲ್ಲಿ ಎನ್ನುವ ವಿಜ್ಞಾನಿಗಳದ್ದು ಆ ಯಂತ್ರ. ಅಲ್ಲ, ಹಿಂದಲೆಯಲ್ಲಿ ಎನ್ನುವವರದ್ದು ಇನ್ನೊಂದು. ಅವರ ಜಗಳ ಮುಗಿಯದ್ದರಿಂದ ಸರ್ಕಾರ ಎರಡನ್ನೂ ಎಚ್ಚರವಿಲ್ಲದೆ ಮಲಗಿದವರ ಮನೆಮನೆಗೆ ಕಳಿಸುತ್ತಿತ್ತು. ಎರಡೂ ಇಲ್ಲ ಎಂದರೆ ಗಂಜಿ ಹೋಗುವ ಮೂಗಿನ ನಳಿಕೆ ತೆಗೆದುಬಿಡುತ್ತಿದ್ದರು.

ಇವತ್ತು ತಪಾಸಣೆಯ ಜರೀನಾ ಹಿಂದಲೆ ಯಂತ್ರ ತಂದಿದ್ದಳು. ಲಕ್ವಾ ಹೊಡೆದು ಎಂಟು ತಿಂಗಳಿಂದ ಕದಲದೆ ಮಲಗಿದ್ದ ಫಕ್ಕೀರಪ್ಪನವರ ತಲೆಗೆ ಪಟ್ಟಿ ಕಟ್ಟಿದಳು. ಮುಳ್ಳು ಸೊನ್ನೆಯಲ್ಲೇ ನಿಂತಿತು.

"ಏನರ ಮಾತಾಡ್ರಿ ಅಕ್ಕಾರ, ಇನ್ನೂ ಐದು ನಿಮಿಷ ಅದ."

ನೀಲವ್ವ ಗಂಡನ ಕಿವಿಯಲ್ಲಿ ದೇವರ ಹೆಸರು ಹೇಳಿದಳು, ಮೊಮ್ಮಗಳ ಹೆಸರು ಹೇಳಿದಳು. ಮುಳ್ಳು ಅಲುಗಲಿಲ್ಲ. ಕೊನೆಗೆ, ಕಂಡಕ್ಟರಾಗಿ ಅವರು ಮೂವತ್ತು ವರ್ಷ ದಿನಾ ಕೂಗಿದ ಸ್ಟಾಪುಗಳನ್ನೇ ಅವಸರದಲ್ಲಿ ಶುರು ಮಾಡಿದಳು. "ಗದಗ, ಹುಲಕೋಟಿ, ಭದ್ರಾಪುರ..."

ಮುಳ್ಳು ನೆಗೆಯಿತು.

"ಈಗ ಏನ್ ಹೇಳಿದ್ರಿ?" ಎಂದಳು ಜರೀನಾ.

"ಗಾಬರಿಯೊಳಗ ನಡುವ ಅಣ್ಣಿಗೇರಿ ಬಿಟ್ಟೆ ನೋಡವಾ."

ಸರಿಯಾಗಿ ಹೇಳಿದಾಗ ಮುಳ್ಳು ಮಲಗಿತು. ಬೇಕೆಂದೇ ಶಿರಗುಪ್ಪಿ ಬಿಟ್ಟು ಹುಬ್ಬಳ್ಳಿಗೆ ಹಾರಿದಾಗ ಮೊದಲಿಗಿಂತ ಮೇಲೆ ಹೋಯಿತು. ಜರೀನಾ 'ಒಳಗೆ ಇದ್ದಾರೆ' ಎಂದು ಬರೆದು ಸಹಿ ಹಾಕಿ, ಪಟ್ಟಿ ಬಿಚ್ಚಲು ಹೋದಳು.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದಳು.

"ತಡಿಯವಾ, ಇನ್ನೊಂದು ಸ್ಟಾಪ್ ಬಿಡ್ತೀನಿ. ಇವರ ಕಡೆ ಬೈಸ್ಕೊಂಡು ಎಂಟು ತಿಂಗಳಾತು."