ಬಲಕ್ಕೆ ಹಿಡಿದ ಕೈ

ಅಕ್ಕ ಕ್ಲಚ್ ಬಿಟ್ಟು ಕಾರು ಮುಂದೆ ಸರಿಯಿತೋ ಇಲ್ಲವೋ, ಬಲಗಡೆಯ ಪ್ಲಾಸ್ಟಿಕ್ ಕೋನ್ ಟಪ್ಪೆಂದು ಮಲಗಿತು. ಅದರ ಮುಂದಿನದೂ ಮಲಗಿತು. ಬ್ರೇಕ್ ತುಳಿಯುವಷ್ಟರಲ್ಲಿ ಇನ್ನೊಂದು ಬಂಪರಿನ ಕೆಳಗೆ ಸಿಕ್ಕಿಕೊಂಡು ಕಿರ್ರೆಂದಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಲೈಸೆನ್ಸ್ ಪರೀಕ್ಷಕಿ, ಅಕ್ಕನ ಮಗಳ ವಯಸ್ಸಿನವಳು, ಪೆನ್ನಿನ ಮುಚ್ಚಳ ತೆಗೆದಳು.

"ಅಮ್ಮಾ, ನೇರ ಹೋಗಿ ಅಂದಿದ್ದು ನಾನು."

"ನೇರಾನೇ ಹೋದೆನಲ್ಲಮ್ಮ," ಎಂದಳು ಅಕ್ಕ. ಅದು ಸುಳ್ಳೇನೂ ಅಲ್ಲ. ನೇರವೆಂದು ಅವಳ ಕೈಗೆ ಗೊತ್ತಿದ್ದ ಜಾಗದಲ್ಲೇ ಸ್ಟೀರಿಂಗು ಇತ್ತು.

ವಯಸ್ಸಾದವರು ಲೈಸೆನ್ಸ್ ಮುಂದುವರಿಸಿಕೊಳ್ಳಬೇಕಾದರೆ ಈ ಅಂಗಳದಲ್ಲಿ ಓಡಿಸಿ ತೋರಿಸಬೇಕು. ಇವತ್ತು ಕೈಕೊಟ್ಟರೆ ಅಕ್ಕನ ಓಡಾಟ ನಿಂತ ಹಾಗೆ. ಪರದೆ ಹೊಲಿಯುವ ಕಸುಬು ಅವಳದು. ಮನೆಮನೆಗೆ ಹೋಗಿ ಕಿಟಕಿ ಅಳೆದು, ಹೊಲಿದ ಬಟ್ಟೆಯ ಗಂಟುಗಳನ್ನು ಹಿಂದಿನ ಸೀಟಿಗೆ ಹೇರಿಕೊಂಡು ಹೋಗಿ, ತಾನೇ ಸ್ಟೂಲು ಹತ್ತಿ ತೂಗುಹಾಕಿ ಬರುವವಳು. ಕಾರಿಲ್ಲದಿದ್ದರೆ ಅವಳ ಪಾಲಿಗೆ ಉಳಿಯುವುದು ತನ್ನ ಮನೆಯ ಕಿಟಕಿ ಒಂದೇ.

ಗೋಡೆಯ ಪಕ್ಕ ಬೆಂಚಿನ ಮೇಲಿದ್ದ ತಮ್ಮ ಓಡಿ ಬಂದ. ಗಡಿಯಾರ ರಿಪೇರಿ ಮಾಡುವವನು. ಅಂಗಡಿಗೆ ಬೀಗ ಹಾಕಿ ಅಕ್ಕನ ಜೊತೆ ಬಂದಿದ್ದ.

"ಏನಾಯ್ತೇ ಅಕ್ಕಾ?"

"ಈ ಮುದುಕಿ ಕಾರಿಗೆ ಏನು ಮದ್ದು ಹಾಕಿಸಿದೀಯೋ? ಆಯಿಲ್ ಬದಲಾಯಿಸೋಕೆ ಅಂತ ಒಯ್ದವನು ನೀನು. ನನ್ನ ಮಾತೇ ಕೇಳ್ತಿಲ್ಲ ಇವಳು."

ತಮ್ಮ ತಲೆ ಕೆರೆದುಕೊಂಡ. "ಬುಷ್ಷು, ಬಾಲ್ ಜಾಯಿಂಟು, ಟೈ ರಾಡು, ಶಾಕ್ ಅಬ್ಸಾರ್ಬರು, ಎಲ್ಲಾ ಹೊಸದು ಹಾಕಿಸ್ದೆ. ಅಲೈನ್‌ಮೆಂಟೂ ಆಯ್ತು. ಇನ್ನು ಎಡಕ್ಕೆ ಎಳೆಯಲ್ಲ, ದಾರ ಹಿಡಿದ ಹಾಗೆ ಹೋಗುತ್ತೆ ಅಂದ ಮೆಕ್ಯಾನಿಕ್ಕು. ಬೆಳಗ್ಗೆ ಅವನೇ ಇಲ್ಲೀವರೆಗೂ ತಂದು ನಿಲ್ಲಿಸಿ ಹೋದ."

"ಒಂದು ಮಾತು ಹೇಳೋದಲ್ವೇನೋ?"

"ನಿಂಗೆ ಸುಲಭ ಆಗ್ಲಿ ಅಂತ."

"ಹಾಗಾದ್ರೆ ಗಾಡಿ ಸರಿಯಾಗೇ ಇದೆ," ಎನ್ನುತ್ತಾ ಪರೀಕ್ಷಕಿ ಬರೆಯಲು ಬಗ್ಗಿದಳು.

"ತಡೀರಿ ಮೇಡಂ. ಅವನು ಬಿಚ್ಚಿ ಸೇರಿಸೋವಾಗ ಏನೋ ಎಡವಟ್ಟು ಮಾಡಿರ್ಬೇಕು. ನಾನೊಂದು ಸಲ ನೋಡ್ತೀನಿ," ಎಂದು ತಮ್ಮ ಕೋನ್‌ಗಳನ್ನು ಎತ್ತಿ ನಿಲ್ಲಿಸಿ, ಅಕ್ಕನನ್ನು ಇಳಿಸಿ ತಾನು ಕೂತ. ಕಾರು ಹೊರಟಿತು. ಬಲಗಡೆಯ ಅವೇ ಕೋನ್‌ಗಳು ಒಂದರ ಹಿಂದೊಂದು ಮಲಗಿದವು.

ಹೊರಗೆ ನಿಂತಿದ್ದ ಅಕ್ಕನಿಗೆ ಅವನ ಕೈ ಕಾಣಿಸಿತು. ಸ್ಟೀರಿಂಗನ್ನು ಚೂರೇ ಚೂರು ಬಲಕ್ಕೆ ಒತ್ತಿ ಹಿಡಿದ ಕೈ. ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರಿಗೂ ಅಪ್ಪ ಕಲಿಸಿದ್ದು ಇದೇ ಕಾರಿನಲ್ಲಿ. ಹಿಂದೊಮ್ಮೆ ಮೋರಿಗೆ ಗುದ್ದಿದಾಗಿನಿಂದ ಅದು ಎಡಕ್ಕೇ ಎಳೆಯುತ್ತಿತ್ತು. ಯಾವ ಮೆಕ್ಯಾನಿಕ್ಕಿಗೂ ಬಗ್ಗದೆ ಹೋದಾಗ, ಬೋರ್ಡು ಬರೆದು ಸಂಸಾರ ತೂಗಿಸುತ್ತಿದ್ದ ಅಪ್ಪ, ಕಾರಿಗೆ ಬುದ್ಧಿ ಹೇಳುವುದನ್ನು ಬಿಟ್ಟು ಮಕ್ಕಳಿಗೆ ಹೇಳಿಕೊಟ್ಟ. "ಇದಕ್ಕೆ ಎಡಗಡೆ ಯಾರೋ ನೆಂಟರಿದ್ದಾರೆ. ಸಡಿಲ ಬಿಟ್ರೆ ಹೊರಟೇಬಿಡುತ್ತೆ. ಹೀಗೆ, ಒಂಚೂರು ಬಲಕ್ಕೆ ಹಿಡ್ಕೋ." ಪಕ್ಕದಿಂದ ಬಾಗಿ, ಬಣ್ಣದ ವಾಸನೆಯ ಒರಟು ಅಂಗೈಯನ್ನು ಅವರ ಕೈಮೇಲಿಟ್ಟು ಒತ್ತುತ್ತಿದ್ದ. ಆಮೇಲೆ ಅಕ್ಕನಾಗಲಿ ತಮ್ಮನಾಗಲಿ ಬೇರೊಂದು ಕಾರನ್ನು ಓಡಿಸಿದವರಲ್ಲ. ಆ ಒತ್ತು ಇಬ್ಬರ ಕೈಯಲ್ಲೂ ಹಾಗೇ ಉಳಿದುಕೊಂಡಿತ್ತು.

ಕೊನೆಗೆ ಪರೀಕ್ಷಕಿ ತಾನೇ ಕೂತು ಓಡಿಸಿದಳು. ಕಾರು ಒಂದು ಕೋನನ್ನೂ ಸೋಕದೆ ಹೋಗಿ ಬಂತು. ಇಳಿದವಳು ಒಮ್ಮೆ ಅಕ್ಕನನ್ನು, ಒಮ್ಮೆ ತಮ್ಮನನ್ನು ನೋಡಿದಳು.

"ನಿಮ್ಮಿಬ್ಬರಿಗೂ ಕಲಿಸಿದ ಮಹಾನುಭಾವರು ಯಾರು?"

"ನಮ್ಮಪ್ಪ," ಎಂದರು ಇಬ್ಬರೂ.

"ಅವರನ್ನೂ ಕರ್ಕೊಂಡ್ ಬನ್ನಿ. ಮೊದಲು ಅವರಿಗೇ ಪರೀಕ್ಷೆ ಇಡ್ಬೇಕು."

"ಅವರು ಹೋಗಿ ಬಹಳ ಕಾಲ ಆಯ್ತಮ್ಮ," ಎಂದಳು ಅಕ್ಕ.

ಪರೀಕ್ಷಕಿ ಪೆನ್ನಿಗೆ ಮುಚ್ಚಳ ಹಾಕಿದಳು. "ನನ್ನ ಊಟ ಮುಗಿಯೋವರೆಗೂ ಅಂಗಳ ಖಾಲಿ ಇರುತ್ತಮ್ಮ. ಕೈ ತಿದ್ಕೊಳಿ. ಬಂದು ಇನ್ನೊಂದು ಸಲ ನೋಡ್ತೀನಿ."

ಅಕ್ಕ ಸುತ್ತು ಹಾಕತೊಡಗಿದಳು. ಮೈಮರೆತರೆ ಸಾಕು, ಕೈ ಬಲಕ್ಕೆ ಜಾರುತ್ತಿತ್ತು. ಎಳೆದು ನಡುವಿಗೆ ತರುತ್ತಿದ್ದಳು. ತಮ್ಮ ಬಿದ್ದದ್ದನ್ನು ಎತ್ತಿ ನಿಲ್ಲಿಸುತ್ತಾ ಹಿಂದೆ ಮುಂದೆ ಓಡಾಡಿದ. ಬರಬರುತ್ತಾ ಅವನಿಗೆ ಕೆಲಸ ಕಡಿಮೆಯಾಯಿತು. ಆಮೇಲೆ ಇಲ್ಲವೇ ಇಲ್ಲವೆನ್ನುವಂತಾಯಿತು. ಊಟ ಮುಗಿಸಿ ಬಂದ ಪರೀಕ್ಷಕಿಯ ಎದುರು ಕಾರು ದಾರ ಹಿಡಿದ ಹಾಗೆಯೇ ಹೋಯಿತು. ಕಾಗದಕ್ಕೆ ಸಹಿ ಬಿತ್ತು.

ಅಕ್ಕ ಗೆದ್ದವಳ ಹಾಗೆ ಕಾಣಲಿಲ್ಲ. ಎಂಜಿನ್ ನಿಲ್ಲಿಸಿ, ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು.

"ಹೋಯ್ತು ಕಣೋ," ಎಂದಳು. "ಅಪ್ಪ ಹಿಡಿಸಿದ್ದು. ಒಂದು ಹೊತ್ತಿಗೇ ಬಿಟ್ಟು ಹೋಯ್ತು. ಈಗ ಬೇಕಂದ್ರೂ ಬರ್ತಿಲ್ಲ."

ತಮ್ಮ ಪಕ್ಕದ ಸೀಟಿಗೆ ಬಂದು ಕೂತು ಬಾಗಿಲು ಎಳೆದುಕೊಂಡ.

"ನೀನು ನೇರ ಓಡಿಸ್ಕೊಂಡಿರು ಅಕ್ಕಾ, ನಿಂಗೆ ಕೆಲಸ ಇದೆ," ಎಂದ. "ನಾನು ಇನ್ನು ಸ್ಟೀರಿಂಗ್ ಮುಟ್ಟಲ್ಲ. ನನ್ನ ಕೈಲಿರೋದು ಹಾಗೇ ಇರ್ಲಿ."