ಎಲ್ಲರಿಗೂ ಕೆಲಸ ಸಿಗುವ ಲಾ ಕಾಲೇಜು

ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಮೀಸೆ ಬೋಳಿಸಿ.

ಮಗಳನ್ನು ಸೇರಿಸಲು ಲಾ ಕಾಲೇಜಿಗೆ ಹೋಗಿದ್ದೆ. ಅಲ್ಲಿ ಪಾಸಾದವರೆಲ್ಲ ದೊಡ್ಡ ವಕೀಲರ ಕಂಪನಿಯಲ್ಲಿದ್ದಾರೆ ಎಂದರು ಪ್ರಿನ್ಸಿಪಾಲರು. ನಾನು ನಂಬಲಿಲ್ಲ.

“ಎಲ್ರೂವೇ? ಕಿವಿ ಮೇಲೆ ಹೂವು ಇಡ್ಬೇಡಿ ಸಾ.”

“ಎಲ್ರೂ ಯಜಮಾನ್ರೇ.”

“ಸುಳ್ಳು ಹೇಳಿ ಹುಡುಗ್ರನ್ನ ಸೇರಿಸ್ಕೊತೀರಿ ಅಂತ ಕೇಸ್ ಹಾಕ್ತೀನಿ ನೋಡಿ.”

“ಪುಣ್ಯ ಬರುತ್ತೆ, ಹಾಕಿ. ನಿಮ್ಮ ಥರಾನೇ ಅನುಮಾನ ಪಟ್ಟು ಎಷ್ಟೋ ಅಪ್ಪಂದಿರು ಹಾಕಿದ್ದಾರೆ. ನಮ್ಮ ಪರ ವಾದ ಮಾಡೋ ಕಂಪನಿಗೆ ಜನ ಸಾಲದೆ ನಮ್ಮ ಹುಡುಗರನ್ನೇ ಕೆಲಸಕ್ಕೆ ತಗೋತಿದ್ದಾರೆ.”

ಮಗಳನ್ನು ಅಲ್ಲೇ ಸೇರಿಸಿದೆ. ಈ ವರ್ಷ ಅವಳು ಪಾಸಾಗುತ್ತಾಳೆ, ಆದರೆ ಕೇಸುಗಳು ಕಡಿಮೆಯಾಗಿವೆಯಂತೆ.

ನಿಮಗೂ ಈ ಕತೆಯ ಮೇಲೆ ಅನುಮಾನ ಇದ್ದ ಹಾಗಿದೆ. ಸುಮ್ಮನೆ ಕೂರಬೇಡಿ, ನಾಳೆಯೇ ಹೋಗಿ ಆ ಕಾಲೇಜಿನ ಮೇಲೊಂದು ಕೇಸು ಹಾಕಿ ಬನ್ನಿ.